ಹೊಳೆಯ ಹೊತ್ತು

“ಆರೂವರೆಗೆ ಬನ್ನಿ” ಎಂದಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಸೀತಾ ಹೊಳೆಯ ದಂಡೆಗೆ ಬಂದು ನಿಂತೆವು. ದೋಣಿಗಳಿದ್ದವು, ಹುಡುಗನಿದ್ದ, ಲೈಫ್ ಜಾಕೆಟ್ಟುಗಳು ಬೇಲಿಯ ಮೇಲೆ ಒಣಗುತ್ತಿದ್ದವು. ಹೊಳೆ ಮಾತ್ರ ದಡದಲ್ಲಿರಲಿಲ್ಲ. ಇಪ್ಪತ್ತು ಹೆಜ್ಜೆ ಕೆಸರು, ಕೆಸರಿನ ಮೇಲೆ ಅಡ್ಡಾದಿಡ್ಡಿ ಓಡುವ ಏಡಿಗಳು, ಅದರಾಚೆ ನೀರು. “ಸ್ವಲ್ಪ ಕೂಕಣಿ, ನೀರ್ ಬತ್ತ್” ಎಂದು ಹುಡುಗ ಚಹಾ ಕುಡಿಯಲು ಹೋದ.

ನಾವು ಘಟ್ಟದ ಮೇಲಿನವರು. ನಮ್ಮ ಮಟ್ಟಿಗೆ ಹೊಳೆಯೆಂದರೆ ಮೇಲಿನಿಂದ ಕೆಳಕ್ಕೆ ಹೋಗುವಂಥದ್ದು. ಕೆಳಗಿನಿಂದ ಮೇಲಕ್ಕೆ ಬರುವ ನೀರಿಗೆ ಕಾದು ಕೂತದ್ದು ಅದೇ ಮೊದಲು. ಮುಕ್ಕಾಲು ಗಂಟೆಯಲ್ಲಿ ಅದು ಸದ್ದಿಲ್ಲದೆ ಬಂತು. ಏಡಿಗಳು ಒಂದೊಂದಾಗಿ ಬಿಲ ಸೇರಿದವು, ಕಾಂಡ್ಲಾ ಗಿಡಗಳ ಬೇರು ಮುಳುಗಿತು, ದಡಕ್ಕೆ ಎಳೆದಿಟ್ಟ ದೋಣಿಯ ಬಾಲ ತಾನಾಗಿಯೇ ಅಲ್ಲಾಡಿತು. ತೋಳಿಗೆ ಬಲವಿದ್ದರೆ ಕಯಾಕ್ ನಡೆಸಬಹುದು ಎಂದುಕೊಂಡು ಬಂದವನಿಗೆ, ಇದು ಮೊದಲು ಹೊತ್ತು ನೋಡುವ ವಿದ್ಯೆ, ಆಮೇಲೆ ಹುಟ್ಟು ಹಾಕುವ ವಿದ್ಯೆ ಎಂದು ತಿಳಿದದ್ದು ಆ ಮುಕ್ಕಾಲು ಗಂಟೆಯಲ್ಲೇ. ಆದರೂ ಹುಟ್ಟಿನಿಂದಲೇ ಶುರು ಮಾಡುತ್ತೇನೆ. ಕೈಯಲ್ಲಿ ಮೊದಲು ಸಿಕ್ಕುವುದು ಅದು.

ಅದಕ್ಕೂ ಮುಂಚೆ ದೋಣಿ. ಕಯಾಕ್ ನಮ್ಮ ಕಡಲಿನದಲ್ಲ. ಗ್ರೀನ್‌ಲ್ಯಾಂಡ್, ಉತ್ತರ ಕೆನಡಾ, ಅಲಾಸ್ಕಗಳ ಹಿಮದಂಚಿನಲ್ಲಿ ಬದುಕುವ ಇನುಯಿಟ್ ಮತ್ತು ಅವರ ನೆಂಟ ಜನಾಂಗಗಳು ಸೀಲ್ ಬೇಟೆಗೆಂದು ಕಟ್ಟಿಕೊಂಡದ್ದು. ಮರ ಬೆಳೆಯದ ಆ ನಾಡಿನಲ್ಲಿ ಕಡಲು ದಡಕ್ಕೆಸೆದ ಕಟ್ಟಿಗೆಯನ್ನೂ ತಿಮಿಂಗಿಲದ ಮೂಳೆಯನ್ನೂ ಆಯ್ದು ಹಂದರ ಕಟ್ಟಿ, ಮೇಲೆ ಸೀಲ್ ಚರ್ಮ ಹೊದಿಸುತ್ತಿದ್ದರು. ಹೊಲಿಗೆ ಹೆಂಗಸರ ಕೆಲಸ. ಒಂದು ಹನಿ ಒಳಗೆ ಬಾರದಂತೆ ಹೊಲಿಯುವ ಆ ಬೆರಳುಗಳ ಮೇಲೆ ಗಂಡಸಿನ ಪ್ರಾಣ ನಿಂತಿರುತ್ತಿತ್ತು. ಅಳತೆಯೋ, ನಮ್ಮ ಹಳೆಯ ಅಳತೆಯೇ. ಉದ್ದ, ಕೂರುವವನ ಮೂರು ಮಾರು. ನಡುವಿನ ಅಗಲ, ಅವನ ಸೊಂಟದ ಜೊತೆಗೆ ಎರಡು ಮುಷ್ಟಿ. ಗೇಣು, ಮೊಳ, ಮಾರು ಬಲ್ಲ ನಮ್ಮ ಊರಿನ ಆಚಾರಿಗೆ ಹೇಳಿದ್ದರೆ ಟೇಪು ಕೇಳದೆ ಕೆಲಸ ಹಿಡಿಯುತ್ತಿದ್ದ. ಹಾಗೆ ಮಾಡಿದ ದೋಣಿ ಇನ್ನೊಬ್ಬನಿಗೆ ಆಗುವಂತಿರಲಿಲ್ಲ. ಅದನ್ನು ಹತ್ತುವುದಲ್ಲ, ಅಂಗಿಯಂತೆ ತೊಡುವುದು.

ನಮ್ಮ ಕರಾವಳಿಯಲ್ಲಿ ಪ್ರವಾಸಿಗರಿಗೆ ಕೊಡುವುದು ಇದರ ದೂರದ ಮೊಮ್ಮಗು. ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿಗೆ ಹಾಕಿ, ಕಾಯಿಸುತ್ತ ಎಲ್ಲ ದಿಕ್ಕಿಗೂ ತಿರುಗಿಸಿ ಎರಕ ತೆಗೆದದ್ದು. ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ಮಾಡುವ ರೀತಿಯೂ ಅದೇ. ಒಳಗೆ ಪೂರ್ತಿ ಟೊಳ್ಳು, ಮೇಲೆ ಕೂರಲು ತಗ್ಗು. ಆ ತಗ್ಗಿನಿಂದ ತಳದವರೆಗೆ ನಾಲ್ಕಾರು ತೂತುಗಳು. ದೋಣಿಯಲ್ಲಿ ತೂತು ಕಂಡು ನಮ್ಮ ಗುಂಪಿನ ಹಿರಿಯರೊಬ್ಬರು ದುಡ್ಡು ವಾಪಸ್ ಕೇಳುವುದರಲ್ಲಿದ್ದರು. ಕೂರುವ ಜಾಗ ಹೊಳೆಯ ಮಟ್ಟಕ್ಕಿಂತ ತುಸು ಮೇಲಿರುವುದರಿಂದ ಒಳಗೆ ಬಿದ್ದ ನೀರು ಆ ತೂತುಗಳಿಂದ ತಾನೇ ಇಳಿದುಹೋಗುತ್ತದೆ; ಮೊಗೆದು ಚೆಲ್ಲುವ ಕೆಲಸವಿಲ್ಲ. ಕುಂಡೆ ಮಾತ್ರ ಸದಾ ಒದ್ದೆ. ಕಾಲು ಒಳಗೆ ತೂರಿಸಿ ಕೂರುವ ಉದ್ದನೆಯ, ಇಕ್ಕಟ್ಟಿನ ಕಯಾಕುಗಳು ಬೇರೆ. ಕಡಲಿನಲ್ಲಿ ದೂರ ಹೋಗುವವರು ಅವನ್ನು ಬಳಸುತ್ತಾರೆ.

ಕೂತ ಮೇಲೆ ಎಲ್ಲರೂ ಮಾಡುವ ತಪ್ಪು, ಮೈ ಬಿಗಿ ಹಿಡಿಯುವುದು. ದೋಣಿ ಎಡಕ್ಕೆ ವಾಲಿದರೆ ಇಡೀ ಮೈ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಮರದ ಗೊಂಬೆ ಹೊತ್ತ ಹಾಗೆ. ಸೊಂಟದಿಂದ ಕೆಳಗೆ ದೋಣಿಯ ಪಾಲು, ಸೊಂಟದಿಂದ ಮೇಲೆ ನಮ್ಮ ಪಾಲು. ತಲೆಯ ಮೇಲೆ ಕೊಡ ಹೊತ್ತು ನಡೆಯುವ ಹೆಂಗಸಿನ ಸೊಂಟ ಹೇಗೆಲ್ಲ ಬಳುಕಿದರೂ ಕತ್ತು ಅಲ್ಲಾಡುವುದಿಲ್ಲವಲ್ಲ, ಅದೇ ಲೆಕ್ಕ. ದೋಣಿ ಅಲೆಯ ಮೇಲೆ ಬಳುಕಲಿ, ತಲೆ ದೋಣಿಯ ನಡುಗೆರೆಯ ಮೇಲೇ ಇರಲಿ. ಇದು ಹೇಳಿದರೆ ಬರುವುದಿಲ್ಲ. ಅರ್ಧ ಗಂಟೆ ಕೂತಾಗ, ಹೆದರಿ ಸುಸ್ತಾದ ಮೈ ತಾನಾಗಿ ಸಡಿಲಾಗುತ್ತದೆ, ಆಗ ಬರುತ್ತದೆ.

ಈಗ ಹುಟ್ಟು. ಎರಡೂ ತುದಿಗೆ ಅಲಗಿರುವ, ಏಳಡಿ ಚಿಲ್ಲರೆ ಉದ್ದದ ಈ ಕೋಲಿಗೆ ಅಲ್ಲಿನ ಹುಡುಗರು ಪ್ಯಾಡಲ್ ಎಂದೇ ಹೇಳುತ್ತಾರೆ. ಹುಟ್ಟು ಎಂಬ ಮಾತನ್ನು ಒಂದೇ ಅಲಗಿನ ನಾಡದೋಣಿಯ ಹುಟ್ಟಿಗೆ ಮೀಸಲಿಟ್ಟಿದ್ದಾರೆ. ಹೊಸಬ ಇದನ್ನು ಗಟ್ಟಿಯಾಗಿ ಹಿಡಿದು ನೀರನ್ನು ಹಿಂದಕ್ಕೆ ಎಳೆಯುತ್ತಾನೆ. ತೋಳು ಹತ್ತೇ ನಿಮಿಷದಲ್ಲಿ ಸೋಲುತ್ತದೆ. ನನ್ನ ಅವಸ್ಥೆ ನೋಡಿ ಹುಡುಗ, “ಹ್ವಾಯ್, ನೀರ್ ಎಳುದಲ್ಲ” ಎಂದ. ಹಾಗಾದರೆ ಏನು?

ತೋರಿಸಿದ. ನಾಡದೋಣಿಯವನು ಗಳ ಹಾಕುವುದನ್ನು ನೆನೆಸಿಕೊಳ್ಳಿ. ಗಳವನ್ನು ಹೊಳೆಯ ತಳಕ್ಕೆ ಊರುತ್ತಾನೆ, ಅದು ಅಲ್ಲೇ ನಿಲ್ಲುತ್ತದೆ, ದೋಣಿ ಅದನ್ನು ದಾಟಿ ಮುಂದೆ ಹೋಗುತ್ತದೆ. ಪ್ಯಾಡಲಿನದೂ ಹಾಗೆಯೇ, ಊರುವುದು ಮಾತ್ರ ತಳಕ್ಕಲ್ಲ, ನೀರಿಗೆ. ಪಾದದ ಪಕ್ಕದಲ್ಲಿ, ದೋಣಿಯ ಮಗ್ಗುಲಿಗೆ ತಾಗುವಷ್ಟು ಹತ್ತಿರದಲ್ಲಿ ಅಲಗನ್ನು ಪೂರ್ತಿ ಮುಳುಗಿಸಬೇಕು. ಮುಳುಗುವ ಮೊದಲೇ ಎಳೆದರೆ ಬರೀ ನೊರೆ. ಮುಳುಗಿದ ಮೇಲೆ ತೋಳು ಮಡಚದೆ ಸೊಂಟ ತಿರುಗಿಸಬೇಕು. ಬಲಕ್ಕೆ ಹಾಕುವಾಗ ಬಲ ಹೆಗಲು ಮುಂದೆ ಹೋಗಿರುತ್ತದೆ. ಅದು ಹಿಂದಕ್ಕೆ ಬರುತ್ತಿದ್ದಂತೆ ಎಡ ಹೆಗಲು ಮುಂದಾಗುತ್ತದೆ. ಅಲಗು ಸೊಂಟದ ಪಕ್ಕಕ್ಕೆ ಬಂದಾಗ ಎತ್ತಿಬಿಡಬೇಕು. ಅಷ್ಟರಲ್ಲಿ ಎಡದ ಅಲಗು ಎಡಪಾದದ ಪಕ್ಕದಲ್ಲಿ ಸಿದ್ಧ. ಕಡಗೋಲಿಗೆ ಹಗ್ಗ ಸುತ್ತಿ ಮಜ್ಜಿಗೆ ಕಡೆಯುವುದನ್ನು ನೋಡಿದವರಿಗೆ ಈ ಲಯ ಹೊಸದಲ್ಲ. ಒಂದು ಕೈ ಹೋಗುತ್ತದೆ, ಒಂದು ಕೈ ಬರುತ್ತದೆ. ಕಡೆಯುವವಳು ಬರೀ ತೋಳಿನಿಂದ ಎಳೆದರೆ ಬೆಣ್ಣೆ ಬರುವ ಮುಂಚೆ ತೋಳು ಬಿದ್ದುಹೋಗುತ್ತದೆ. ಬೆನ್ನು ತಿರುಗಬೇಕು. ಕಯಾಕಿನಲ್ಲಿ ಕಾಲಿಗೂ ಪಾಲುಂಟು: ಬಲಕ್ಕೆ ಹುಟ್ಟು ಹಾಕುವಾಗ ಬಲಗಾಲು ಮುಂದಿನ ಆಸರೆಯನ್ನು ಒತ್ತುತ್ತದೆ. ಆ ಒತ್ತಿನಿಂದಲೇ ಮೈಯ ಬಲ ದೋಣಿಗೆ ದಾಟುವುದು. ಕಾಲು ಚಾಚಿ ಆರಾಮಾಗಿ ಕೂತವನ ಶಕ್ತಿಯೆಲ್ಲ ಬೆನ್ನಿನ ಪಟ್ಟಿಗೇ ಹೋಗುತ್ತದೆ.

ಹಿಡಿತದ ವಿಷಯ ಬೇರೆ ಹೇಳಬೇಕು. ಹಕ್ಕಿಮರಿ ಹಿಡಿದಂತಿರಬೇಕು: ಹಾರಬಾರದು, ಸಾಯಲೂಬಾರದು. ಹೆಬ್ಬೆರಳಿನ ಸಂದಿಯಲ್ಲಿ ಬೊಕ್ಕೆ ಎದ್ದರೆ ಹಿಡಿತ ಬಿಗಿಯಾಗಿತ್ತೆಂದು ಅರ್ಥ. ನನಗೆ ಎರಡೂ ಕೈಯಲ್ಲಿ ಎದ್ದಿತ್ತು.

ತಿರುಗಿಸಲು ಅಲಗನ್ನು ಪಾದದಿಂದ ಹಿಂದಿನವರೆಗೆ ದೊಡ್ಡ ಅರ್ಧಚಂದ್ರದಂತೆ ಬಳಿಯುವುದು. ಬಲಕ್ಕೆ ಬಳಿದರೆ ಮೂತಿ ಎಡಕ್ಕೆ. ನಿಲ್ಲಿಸಲು ಹಿಂದಕ್ಕೆ ಹುಟ್ಟು. ವಾಲಿದಾಗ ಅಲಗನ್ನು ನೀರಿಗೆ ಚಪ್ಪಟೆಯಾಗಿ ಬಡಿದು ಆತುಕೊಳ್ಳುವುದು. ಇಷ್ಟೇ. ಕಲಿಯಲು ಒಂದು ಬೆಳಗು ಸಾಕು, ಮೈಗೆ ಹತ್ತಲು ಒಂದು ವರ್ಷ.

ಗಾಳಿ ಒಂದು ವಿಚಿತ್ರ ಮಾಡುತ್ತದೆ. ಗಾಳಿ ಪಕ್ಕದಿಂದ ಬೀಸಿದರೆ ದೋಣಿ ಗಾಳಿಯ ಜೊತೆ ತಿರುಗಬಹುದು ಎಂದುಕೊಳ್ಳುತ್ತೀರಿ. ಹಾಗಾಗುವುದಿಲ್ಲ, ಅದು ಮೂತಿಯನ್ನು ಗಾಳಿಯತ್ತಲೇ ತಿರುಗಿಸುತ್ತದೆ, ಹಟಮಾರಿ ಕರುವಿನಂತೆ. ಮುಂದೆ ಸಾಗುತ್ತಿರುವ ದೋಣಿಯ ಮೂತಿಯನ್ನು ಎರಡೂ ಬದಿಯ ನೀರು ಒತ್ತಿ ಹಿಡಿದಿರುತ್ತದೆ. ಬಾಲದ ಹತ್ತಿರ ನೀರು ಕಲಕಿ ಸಡಿಲಾಗಿರುತ್ತದೆ. ಗಾಳಿಗೆ ಜಾರುವುದು ಬಾಲ. ಬಾಲ ಗಾಳಿಯಾಚೆಗೆ ಹೋದರೆ ಮೂತಿ ಗಾಳಿಯತ್ತ ಬರಲೇಬೇಕಲ್ಲ. ಕಡಲ ಕಯಾಕುಗಳ ಹಿಂಬದಿಯಲ್ಲಿ ಇಳಿಬಿಡುವ ಸಣ್ಣ ರೆಕ್ಕೆಯೋ ಚುಕ್ಕಾಣಿಯೋ ಇರುವುದು ಈ ಬಾಲವನ್ನು ಹಿಡಿದಿಡಲಿಕ್ಕೆ. ಅದಿಲ್ಲದವರು ಬೇಗ ಹೊರಡುವುದೇ ಉಪಾಯ. ನವೆಂಬರಿನಿಂದ ಫೆಬ್ರವರಿಯವರೆಗೆ ಕರಾವಳಿಯಲ್ಲಿ ಬೆಳಗಿನ ಗಾಳಿ ಮೂಡುಗಾಳಿ, ನೆಲದಿಂದ ಕಡಲಿಗೆ, ಮೆಲ್ಲಗೆ. ಹೊತ್ತೇರಿ ನೆಲ ಕಾದ ಮೇಲೆ ಕಡಲಗಾಳಿ ಏಳುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ. ಹನ್ನೊಂದರೊಳಗೆ ದಡ ಸೇರಿದವನು ಜಾಣ.

ಇನ್ನು ನೀರಿನ ಹೊತ್ತು. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಹೀಗಾಗಿ ನಾಳಿನ ಭರತ ಇಂದಿಗಿಂತ ಸುಮಾರು ಐವತ್ತು ನಿಮಿಷ ತಡ. ಗಡಿಯಾರದಲ್ಲಿ ಒಗಟಿನಂತೆ ಕಾಣುವ ಈ ಐವತ್ತು ನಿಮಿಷ ನಮ್ಮ ಹಳೆಯ ಲೆಕ್ಕದಲ್ಲಿ ತೀರಾ ಸಲೀಸು: ಇಪ್ಪತ್ತನಾಲ್ಕು ನಿಮಿಷದ ಗಳಿಗೆಯಲ್ಲಿ ಅಳೆದರೆ ತಿಥಿಗೆ ಎರಡು ಗಳಿಗೆ. ಒಂದು ಊರಿನ ಅಳಿವೆಯಲ್ಲಿ ಅಮಾವಾಸ್ಯೆಯ ದಿನ ಎಷ್ಟು ಹೊತ್ತಿಗೆ ನೀರು ತುಂಬುತ್ತದೆಂದು ಗೊತ್ತಿದ್ದರೆ ಸಾಕು. ಮಿಕ್ಕ ದಿನಗಳದ್ದು ತಿಥಿ ಎಣಿಸಿದರೆ ಸಿಕ್ಕುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ದೊಡ್ಡದು, ಅಷ್ಟಮಿಯ ಆಸುಪಾಸಿಗೆ ಚಿಕ್ಕದು. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತಗಳೂ ಒಂದೇ ಎತ್ತರದವಲ್ಲ. ಎಷ್ಟೇ ದೊಡ್ಡ ಭರತವೆಂದರೂ ಎರಡು ಮೀಟರಿನ ಆಸುಪಾಸಿನ ಮಾತು. ಅಷ್ಟೇನಾ ಎನ್ನಬೇಡಿ. ಹೊಳೆಯ ಬಾಯಿ ಚಪ್ಪಟೆಯಾಗಿರುವಲ್ಲಿ ಆಳೆತ್ತರದ ನೀರು ಎಂದರೆ ಮೈಲಿಗಟ್ಟಲೆ ನೀರು.

ಇನ್ನೊಂದು ಸೂಕ್ಷ್ಮವಿದೆ. ಆರು ಗಂಟೆಯ ಇಳಿತದಲ್ಲಿ ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ನಾವಿಕರ ಹಳೆಯ ಅಂದಾಜು ಹೀಗೆ: ಒಟ್ಟು ನೀರನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಿಗೆ ಮೂರು ಮೂರು, ಮತ್ತೆ ಎರಡು, ಕೊನೆಗೆ ಒಂದು. ನಡುವಿನ ಎರಡೇ ಗಂಟೆಯಲ್ಲಿ ಅರ್ಧ ಹೊಳೆ ಕಡಲಿಗೆ. ಆ ಹೊತ್ತಿನಲ್ಲಿ ಎದುರಿಗೆ ಹುಟ್ಟು ಹಾಕುವವನು ದಡದ ತೆಂಗಿನಮರವನ್ನು ನೋಡಿಕೊಂಡೇ ಹಾಕಬೇಕು. ಹತ್ತು ನಿಮಿಷವಾದರೂ ಅದೇ ಮರ ಪಕ್ಕದಲ್ಲಿರುತ್ತದೆ. ಅದೇ ಹೊತ್ತನ್ನು ಬೆನ್ನಿಗೆ ಹಾಕಿಕೊಂಡವನಿಗೆ ಹುಟ್ಟು ದಿಕ್ಕು ತೋರಿಸಲಿಕ್ಕೆ ಮಾತ್ರ. ಭರತದ ಜೊತೆ ಒಳಗೆ ಹೋಗಿ, ಇಳಿತದ ಜೊತೆ ಹೊರಗೆ ಬರುವುದು ಇಲ್ಲಿನ ಮೀನುಗಾರರಿಗೆ ಗಾದೆ ಮಾಡುವಷ್ಟು ದೊಡ್ಡ ಮಾತೇ ಅಲ್ಲ. ಬೇರೆ ರೀತಿ ಹೋಗುವವನನ್ನು ಅವರು ನೋಡಿಲ್ಲ, ಪ್ರವಾಸಿಗರನ್ನು ಬಿಟ್ಟರೆ.

ಹೊಳೆಯನ್ನು ಅಡ್ಡ ದಾಟುವುದಕ್ಕೂ ಒಂದು ಯುಕ್ತಿ. ಎದುರು ದಡದ ಕಡವಿಗೆ ನೇರ ಮೂತಿ ಇಟ್ಟರೆ ಸೆಳವು ಕೆಳಗೆಲ್ಲೋ ಒಯ್ದು ಬಿಡುತ್ತದೆ. ಮೂತಿಯನ್ನು ಸೆಳವಿನ ಎದುರಿಗೆ ಓರೆ ಮಾಡಿ ಹುಟ್ಟು ಹಾಕಬೇಕು. ಆಗ ನೀರು ಹಿಂದಕ್ಕೆ ತಳ್ಳುವುದೂ ನಾವು ಮುಂದಕ್ಕೆ ಹೋಗುವುದೂ ಒಂದಕ್ಕೊಂದು ಹೊಡೆದುಹೋಗಿ, ಉಳಿದ ಬಲ ದೋಣಿಯನ್ನು ಅಡ್ಡಕ್ಕೆ ಸರಿಸುತ್ತದೆ. ಕಡವಿನ ದೋಣಿಯವರು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಸೇತುವೆಗಳು ಬಂದು ಕಡವುಗಳು ಹೋದವು. ಆ ಓರೆ ಮಾತ್ರ ಕಯಾಕಿನ ಹುಡುಗರ ಕೈಯಲ್ಲಿ ಉಳಿದಿದೆ.

ಭರತ ತುಂಬಿದ ಹೊತ್ತಿನಲ್ಲೇ ಕಾಂಡ್ಲಾ ಕಾಡಿನ ಓಣಿಗಳು ತೆರೆಯುವುದು. ನಾಡದೋಣಿಯೂ ನುಸುಳದ ಇಕ್ಕಟ್ಟಿನಲ್ಲಿ ಕಯಾಕ್ ಹೋಗುತ್ತದೆ. ಅಂಗೈಯಗಲ ನೀರು ಅದಕ್ಕೆ ಸಾಕು. ಮೇಲೆ ಕೊಂಬೆಗಳ ಚಪ್ಪರ, ಎರಡೂ ಬದಿ ಬೆರಳೂರಿ ನಿಂತಂಥ ಬೇರುಗಳು. ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ತೂಗುತ್ತಿರುತ್ತದೆ. ಕಳಚಿ ಬಿದ್ದದ್ದು ಕೆಸರಿಗೆ ನೆಟ್ಟಗೆ ಚುಚ್ಚಿಕೊಂಡರೆ ಅಲ್ಲೇ ಗಿಡ, ಇಲ್ಲವಾದರೆ ತೇಲಿ ಇನ್ನೊಂದು ದಂಡೆಗೆ. ಈ ಜಾತಿಯ ಒಂದು ಮರಕ್ಕೆ ಸಸ್ಯಶಾಸ್ತ್ರದಲ್ಲಿ ಕಾಂಡೇಲಿಯಾ ಎಂಬ ಹೆಸರಿದೆ. ಮಲಯಾಳಿಗಳ ಕಂಡಲ್ ಎಂಬ ಮಾತಿನಿಂದ ಅದು ಬಂದದ್ದು. ನಮ್ಮ ಕಾಂಡ್ಲಾ ಅದರ ನೆರೆಮನೆಯ ಮಾತು. ಈ ಓಣಿಯಲ್ಲಿ ಹುಟ್ಟನ್ನು ಬಹುಪಾಲು ತೊಡೆಯ ಮೇಲೇ ಇಟ್ಟುಕೊಳ್ಳಬೇಕು. ಸದ್ದಿಲ್ಲದೆ ಹೋದರೆ ಮಿಂಚುಳ್ಳಿ ಹಾರುವುದಿಲ್ಲ. ನಮ್ಮ ಹಿಂದಿನ ಗುಂಪಿನವರು ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಬಂದರು. ಅವರಿಗೆ ಮಿಂಚುಳ್ಳಿ ಕಾಣಲಿಲ್ಲ, ನಮಗೂ ಕಾಣಿಸಲಿಲ್ಲ.

ಇಲ್ಲಿಂದ ತೆಂಕಿಗೆ ಸೀತಾ, ಸುವರ್ಣಾ ಎರಡೂ ಕೂಡಿ ಕೋಡಿ ಬೆಂಗ್ರೆಯ ಬಳಿ ಕಡಲು ಸೇರುತ್ತವೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ರಸ್ತೆ ಮತ್ತು ಒಂದಿಷ್ಟು ಮನೆ. ಹೊಳೆಯ ನಡುವೆ ಕುದ್ರುಗಳು, ಅಂದರೆ ತೆಂಗು ಬೆಳೆದ ನಡುಗಡ್ಡೆಗಳು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ ಹೊಳೆ–ಕಡಲುಗಳ ನಡುವಿನ ಇಂಥ ನೆಲ ಹೊಸದಾಗಿ ಕಾಣುವುದಿಲ್ಲ. ಆ ಕಾದಂಬರಿಯ ಕೋಡಿ ಈ ಸೀಮೆಯದೇ.

ಬಡಗಿಗೆ ಹೋದಂತೆ ಹೊಳೆಗಳ ಸ್ವಭಾವ ಬೇರೆಯಾಗುತ್ತದೆ. ಹೊನ್ನಾವರದ ಶರಾವತಿ, ಕಾರವಾರದ ಕಾಳಿ ಎರಡಕ್ಕೂ ಮೇಲೆ ಅಣೆಕಟ್ಟುಗಳಿವೆ. ಗೇರುಸೊಪ್ಪೆಯಲ್ಲೋ ಕದ್ರಾದಲ್ಲೋ ವಿದ್ಯುತ್ತಿಗಾಗಿ ನೀರು ಬಿಟ್ಟರೆ, ಕೆಳಗಿನ ಹೊಳೆ ಚಂದ್ರನ ಲೆಕ್ಕದ ಜೊತೆಗೆ ವಿದ್ಯುದಾಗಾರದ ಲೆಕ್ಕವನ್ನೂ ಕೇಳಬೇಕಾಗುತ್ತದೆ. ಅಲ್ಲಿ ಕಯಾಕ್ ಇಳಿಸುವವರು ಪಂಚಾಂಗವೊಂದನ್ನೇ ನಂಬುವಂತಿಲ್ಲ, ಊರವರನ್ನು ಕೇಳಬೇಕು. ನಡುವಿನ ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಅದರ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಅಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಬಳಚು ಚಿಪ್ಪು ಹೆಕ್ಕುವವರ ಸಾಲೇ ಕಾಣುತ್ತದೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ. ನಾವು ಆಟಕ್ಕೆ ಕಲಿಯುವ ಏರಿಳಿತದ ಲೆಕ್ಕದಲ್ಲಿ ಅವರು ಊಟ ಮಾಡುತ್ತಾರೆ. ಅವರ ನಡುವೆ ದೋಣಿ ನುಗ್ಗಿಸುವುದು, ಕಣದಲ್ಲಿ ಕಾರು ಓಡಿಸಿದ ಹಾಗೆ.

ಕಾಳಿಯ ಬಗ್ಗೆ ಒಂದು ಮಾತು ಹೆಚ್ಚು ಹೇಳುವ ಆಸೆ. ಇಪ್ಪತ್ತರ ಹರೆಯದ ರವೀಂದ್ರನಾಥ ಠಾಕೂರರು ನ್ಯಾಯಾಧೀಶರಾಗಿದ್ದ ಅಣ್ಣನ ಜೊತೆ ಕಾರವಾರದಲ್ಲಿದ್ದಾಗ, ಒಂದು ಬೆಳುದಿಂಗಳ ರಾತ್ರಿ ದೋಣಿಯಲ್ಲಿ ಈ ಹೊಳೆಯ ಮೇಲಕ್ಕೆ ಹೋಗಿದ್ದರು. ಶಿವಾಜಿಯ ಕಾಲದ ಗುಡ್ಡದ ಕೋಟೆಯ ಬಳಿ ಇಳಿದು, ವಾಪಸು ಬರುವಾಗ ದೋಣಿಯನ್ನು ಹರಿವಿಗೇ ಬಿಟ್ಟರಂತೆ. ಕಡಲಂಚಿಗೆ ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಅಲ್ಲಿಂದ ಮನೆಗೆ ಮರಳಿನ ಮೇಲೆ ನಡೆದೇ ಹೋದರು. ಅವರ ಆತ್ಮಕಥನದಲ್ಲಿ ಈ ಪ್ರಸಂಗವಿದೆ. ಹೊಳೆಯ ಹೊತ್ತಿಗೆ ತನ್ನನ್ನು ಒಪ್ಪಿಸಿದವನು ಊಟಕ್ಕೆ ತಡವಾಗಿಯೇ ಬರುತ್ತಾನೆ.

ಅಳಿವೆ ದಾಟಿ ಕಡಲಿಗೆ ಹೋಗುವುದು ಬೇರೆಯದೇ ವಿದ್ಯೆ. ಇಳಿತದ ನೀರು ರಭಸದಿಂದ ಹೊರಗೆ ಹೋಗುವಾಗ ಕಡಲ ಅಲೆ ಅದಕ್ಕೆ ಎದುರಾಗಿ ಬಂದರೆ, ಅಲೆ ಕಿರಿದಾಗಿ, ಎತ್ತರವಾಗಿ, ಮರಳದಿಬ್ಬದ ಮೇಲೆ ನಿಂತಲ್ಲೇ ಒಡೆಯುತ್ತದೆ. ಯಂತ್ರದ ದೋಣಿಗಳನ್ನೂ ಮಗುಚಿದ ಜಾಗಗಳಿವು. ರಜೆಗೆ ಬಂದವರು ಅಲ್ಲಿ ದಡದಲ್ಲಿ ನಿಂತು ನೋಡುವುದೇ ಸರಿ. ನಾನು ಹಾಗೇ ಮಾಡಿದೆ. ಜೂನ್ ಬಂದರೆ ಆ ಪ್ರಶ್ನೆಯೂ ಇಲ್ಲ: ಯಾಂತ್ರಿಕ ಮೀನುಗಾರಿಕೆಗೇ ಜೂನ್, ಜುಲೈ ತಿಂಗಳುಗಳಲ್ಲಿ ನಿಷೇಧ, ಕಯಾಕುಗಳು ಅಂಗಳದಲ್ಲಿ ಬೋರಲು.

ಆದರೂ ಈ ಕಡಲನ್ನು ಕಯಾಕಿನಲ್ಲೇ ದಾಟಿಹೋದವನೊಬ್ಬನಿದ್ದಾನೆ. ಆಸ್ಕರ್ ಸ್ಪೆಕ್ ಎಂಬ ಜರ್ಮನ್. ಕೆಲಸ ಕಳೆದುಕೊಂಡು 1932ರಲ್ಲಿ ಉಲ್ಮ್ ಪಟ್ಟಣದ ಬಳಿ ಡ್ಯಾನ್ಯೂಬ್ ನದಿಗೆ ಮಡಚುವ ಕಯಾಕ್ ಇಳಿಸಿದ. ಸೈಪ್ರಸ್ಸಿನ ತಾಮ್ರದ ಗಣಿಯಲ್ಲಿ ಕೆಲಸ ಹುಡುಕುವುದಷ್ಟೇ ಉದ್ದೇಶ. ಅಲ್ಲಿ ನಿಲ್ಲಲಿಲ್ಲ. ಯೂಫ್ರೆಟಿಸ್, ಪರ್ಷಿಯಾ ಕೊಲ್ಲಿ, ಆಮೇಲೆ ಭಾರತದ ಪಡುಗರಾವಳಿಗುಂಟ ಸಿಂಹಳದವರೆಗೆ, ಅಲ್ಲಿಂದ ಮೂಡಣಕ್ಕೆ. ಏಳು ವರ್ಷ, ಸುಮಾರು 50,000 ಕಿಲೋಮೀಟರ್. 1939ರಲ್ಲಿ ಆಸ್ಟ್ರೇಲಿಯಾದ ಸೈಬಾಯ್ ದ್ವೀಪ ಮುಟ್ಟಿದಾಗ ಯುದ್ಧ ಶುರುವಾಗಿತ್ತು. ಶತ್ರುದೇಶದವನೆಂದು ಹಿಡಿದು ಸೆರೆಗೆ ಹಾಕಿದರು. ನೀರಿನ ಹೊತ್ತನ್ನು ಅಷ್ಟು ಬಲ್ಲವನಿಗೆ ದಡದ ಹೊತ್ತು ಕೈಕೊಟ್ಟಿತ್ತು.

ಬೀಳುವ ಬಗ್ಗೆ ಎಲ್ಲರೂ ಕೊನೆಗೆ ಕೇಳುತ್ತಾರೆ, ಹುಡುಗ ಅದನ್ನು ಮೊದಲೇ ಮಾಡಿಸಿದ್ದ. ಆರ್ಕ್ಟಿಕ್ಕಿನ ಬೇಟೆಗಾರ ದೋಣಿಯಿಂದ ಹೊರಗೆ ಬಂದರೆ ಆ ಚಳಿನೀರಿನಲ್ಲಿ ಸಾವೇ. ಅದಕ್ಕೇ ತಲೆಕೆಳಗಾದ ದೋಣಿಯಲ್ಲೇ ಕೂತು, ಹುಟ್ಟು ಬೀಸಿ, ಸೊಂಟ ಒದರಿ ಮತ್ತೆ ಮೇಲೇಳುವ ವಿದ್ಯೆ ಅವನಿಗಿತ್ತು. ಯುರೋಪಿನಲ್ಲಿ ಅದನ್ನು ತಾನಾಗಿ ಕಲಿತ ಮೊದಲಿಗನೆಂದು ಆಸ್ಟ್ರಿಯಾದ ಹಾನ್ಸ್ ಪಾವ್ಲಾಟಾನನ್ನು ಹೆಸರಿಸುತ್ತಾರೆ, ಅದೂ 1927ರಲ್ಲಿ. ನಮ್ಮ ಬೆಚ್ಚನೆಯ ಹೊಳೆಯಲ್ಲಿ, ಮೇಲೆ ಕೂರುವ ದೋಣಿಗೆ ಅಷ್ಟೆಲ್ಲ ಬೇಡ. ಹುಟ್ಟನ್ನು ಬಿಡಬಾರದು, ದೋಣಿಯನ್ನೂ ಬಿಡಬಾರದು. ಬೋರಲಾದ ದೋಣಿಯನ್ನು ನೆಟ್ಟಗೆ ಮಾಡಿ, ನಡುಮಧ್ಯಕ್ಕೆ ಕೈಯಿಟ್ಟು, ಕಾಲು ಬಡಿಯುತ್ತ ಮೀನಿನಂತೆ ಹೊಟ್ಟೆಯ ಮೇಲೆ ಅಡ್ಡ ಜಾರಿ, ಮಗ್ಗುಲು ಹೊರಳಿ ಕೂರುವುದು. ಎದ್ದು ನಿಂತು ಹತ್ತಲು ನೋಡಿದವರು ಮತ್ತೆ ನೀರಿಗೆ. ಕಾಲು ಕೆಳಗೂರುವಾಗ ಎಚ್ಚರ, ಕಲ್ಲಿಗಂಟಿದ ಕಲ್ವಾ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ.

ನಾವು ಓಣಿಯಿಂದ ಹೊರಗೆ ಬರುವಾಗ ಹತ್ತು ಗಂಟೆ ದಾಟಿತ್ತು. ಹೊಳೆಯ ಮೇಲೆ ಒಂದು ಒಣ ತೆಂಗಿನಗರಿ ತೇಲುತ್ತಿತ್ತು, ಯಾವ ಕಡೆಗೂ ಹೋಗದೆ. ನಾನು ಹುಟ್ಟೆತ್ತಿದೆ. “ಬೇಡ, ನಿಲ್ಲಿ. ನೀರ್ ಕಾಣಿ” ಎಂದ ಹುಡುಗ. ಹುಟ್ಟನ್ನು ತೊಡೆಯ ಮೇಲಿಟ್ಟು ಗರಿಯನ್ನೇ ನೋಡುತ್ತ ಕೂತೆವು. ಎರಡೋ ಮೂರೋ ನಿಮಿಷ ಅದು ಇದ್ದಲ್ಲೇ ಇತ್ತು. ಆಮೇಲೆ ಅದರ ತುದಿ ಮೆಲ್ಲಗೆ ಕಡಲಿನ ಕಡೆಗೆ ತಿರುಗಿತು.